ಗಂಡ ಸತ್ತವಳ ಹಸಿರು ಬಳೆ

“ಗಂಡ ಸತ್ತಾಕಿ ಅಂತಿ, ಕೈತುಂಬ ಹಸರ ಬಳಿ ಇಟಗೊಂಡಿ. ಯಾರ ಕಣ್ಣಾಗ ಮಣ್ಣ ಹಾಕಾಕ ಬಂದಿ, ರಂಡಿ?”

ಸವದತ್ತಿಯ ನೋಟರಿ ವಕೀಲರು ನನ್ನ ಕಾಗದವನ್ನು ಬೆರಳ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದರು. ಗಂಡ ಗಂಗಪ್ಪ ಪರದೇಶದ ಹಡಗಿನಲ್ಲಿ ಅಡುಗೆಯವನಾಗಿದ್ದ, ಅಲ್ಲೇ ಸತ್ತ. ಆ ದೇಶದವರು ಕೊಡುವ ಪಿಂಚಣಿಯಲ್ಲೇ ನಮ್ಮ ಒಲೆ ಉರಿಯಬೇಕು, ಮಗಳು ಸಂಘಮಿತ್ರಾ ನರ್ಸಿಂಗ್ ಓದಬೇಕು. ಅವನ ಹೆಂಡತಿ ರಾಯವ್ವ, ಅಂದರೆ ನಾನು, ಬದುಕಿದ್ದೇನೆ, ಮರುಮದುವೆಯಾಗಿಲ್ಲ ಎಂದು ನೋಟರಿ ಸಹಿ ಮಾಡಿದ ಕಾಗದ ವರ್ಷವರ್ಷ ಹೋಗಬೇಕು. ಈ ತಿಂಗಳು ಹೋಗದಿದ್ದರೆ ಪಿಂಚಣಿ ನಿಂತಂತೆಯೇ. ಮೊದಲಿನ ವಕೀಲರು ತೀರಿಕೊಂಡಿದ್ದರು, ಇವರು ಹೊಸಬರು.

“ಮತ್ತೊಬ್ಬನ್ನ ಕಟಗೊಂಡಿಲ್ರೀ ಸಾಹೇಬ್ರ,” ಎಂದೆ. “ಬೌದ್ಧ ದೀಕ್ಷಾ ತಗೊಂಡ ಮ್ಯಾಲ ನಮ್ಮ ಕೇರ್ಯಾಗ ಯಾರ ಬಳೀನೂ ಒಡಿಯೂದಿಲ್ರಿ.”

“ದೀಕ್ಷಾ ಅಂತ, ದೀಕ್ಷಾ. ನಾಳಿ ನಿನ್ನ ಮಿಂಡ ಎದ್ದ ಬಂದ್ರ ನನ್ನ ವಕೀಲಿ ಸನದ ಹೋಗ್ತೈತಿ. ಬಳಿ ಒಡಿ, ಕುಂಕಮ ಒರಸು. ಆಮ್ಯಾಲ ಕಾಗದಕ್ಕ ಶಿಕ್ಕಾ ಹೊಡಿತೇನಿ.”

ಬಾಗಿಲಲ್ಲಿ ಕಾದಿದ್ದವರು ನಕ್ಕರು. ಸಂಘಮಿತ್ರಾ ನನ್ನ ಸೆರಗು ಹಿಡಿದಳು.

“ಒಡದ ಬಿಡಬೇ ಯವ್ವಾ. ಮನಿಗೆ ಹೋಗಿ ಬ್ಯಾರೆ ಇಟಗೊಂಡ್ರ ಆತು.”

ನಾನೂ ಹೆದರಿದ್ದೆ, ಸುಳ್ಳೇಕೆ ಹೇಳಲಿ? ಕೈಯೆತ್ತಿ ಮೇಜಿನ ಅಂಚಿಗೆ ಬಡಿದೆ. ಒಂದು ಬಳೆ ಚಟ್ಟೆಂದಿತು. ಗಾಜಿನ ಚೂರು ಮಣಿಕಟ್ಟಿಗೆ ಚುಚ್ಚಿ ರಕ್ತ ಜಿನುಗಿತು.

“ಹಾಂ, ಉಳದದ್ದೂ ಒಡಿ,” ಎಂದರು ವಕೀಲರು, ಚಹಾ ಹೀರುತ್ತ.

ಗಂಗಪ್ಪನ ಹೆಣ ಪೆಟ್ಟಿಗೆಯಲ್ಲಿ ಬಂದ ದಿನ, ಬಳೆ ಒಡೆಯಲು ಬಂದಿದ್ದ ಬೇರೂರಿನ ಬೀಗರನ್ನು ನನ್ನ ಅತ್ತೆ ಸತ್ಯವ್ವ ಬಾಗಿಲಿನಿಂದಲೇ ಅಟ್ಟಿದ್ದಳು. ಮಗನನ್ನು ಕಳೆದುಕೊಂಡವಳು ಉಳಿಸಿಕೊಟ್ಟ ಬಳೆಗಳು ನನ್ನವು. ಕೈ ಮತ್ತೆ ಮೇಲೇಳಲಿಲ್ಲ.

ವಕೀಲರ ಎದುರಿನ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ. ನಮ್ಮ ಕೇರಿಯವರು ಯಾವ ವಕೀಲರ ಎದುರೂ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿರಲಿಲ್ಲ.

“ಸತ್ತಾಂವ ಅಂವ್ರಿ. ನಾ ಜೀವಂತ ಅದೇನಿ. ಅದನ್ನ ಬರದ ಕೊಡ್ರಿ.”

ವಕೀಲರು ಮೊಹರಿನ ಶಿಕ್ಕಾವನ್ನು ಡ್ರಾಯರಿನಲ್ಲಿಟ್ಟು ಕೀಲಿ ಹಾಕಿದರು. “ಈ ಬೋಸಡಿನ್ನ ಎಳದ ಹೊರಗ ಹಾಕ್ರಿ.”

ಸಂಘಮಿತ್ರಾ ಅಳತೊಡಗಿದಳು. ಹಿಂದಿನಿಂದ ಯಾರೋ ನನ್ನ ತೋಳಿಗೆ ಕೈ ಹಾಕಿದರು. ನಾನು ಏಳಲಿಲ್ಲ.