ಹತ್ತಕ್ಕೆ ನಾಲ್ಕು

ದೆಹಲಿಯ ಪೀತಮ್‌ಪುರದ ಆ ಖಾಸಗಿ ಆಸ್ಪತ್ರೆಯಲ್ಲಿ ಗುಣಮಟ್ಟ ವಿಭಾಗ ಎಂದರೆ ಅಮೂಲ್ಯ, ಒಂದು ಹಳೇ ಕಂಪ್ಯೂಟರು ಮತ್ತು ಒಂದು ರಬ್ಬರ್ ಸ್ಟಾಂಪು. ದಾವಣಗೆರೆಯ ಹುಡುಗಿ ಕೆಲಸಕ್ಕೆ ಸೇರಿ ಆರು ತಿಂಗಳಾಗುತ್ತ ಬಂದಿತ್ತು. ಪ್ರೊಬೇಷನ್ ಮುಗಿಯಲು ಇನ್ನು ಮೂರೇ ದಿನ. ಮಂಡಿ ವಾರ್ಡಿನ ರೋಗಿಗಳು ಕೊಡುವ ಅಂಕ ಸರಾಸರಿ ಐದಕ್ಕೆ ನಾಲ್ಕೂವರೆ ದಾಟಿದರೆ ಕೆಲಸ ಖಾಯಂ, ದಾಟದಿದ್ದರೆ ಪಿಜಿ ರೂಮು ಖಾಲಿ ಮಾಡಿ ಊರಿನ ರೈಲು ಹತ್ತುವುದು. ಹೀಗೆಂದು ಮ್ಯಾನೇಜರ್ ಸಚ್‌ದೇವಾ ಸಾಹೇಬರು ಮೊದಲ ದಿನವೇ ನಗುನಗುತ್ತ ಹೇಳಿಬಿಟ್ಟಿದ್ದರು.

ಖರ್ಚು ಇಳಿಯಬೇಕು, ಗುಣಮಟ್ಟ ಏರಬೇಕು ಎನ್ನುವುದು ಸಚ್‌ದೇವಾರ ಮಂತ್ರ. ಮೊದಲರ್ಧ ಅವರು ಮಾಡುತ್ತಿದ್ದರು, ಉಳಿದರ್ಧ ಅಮೂಲ್ಯಳ ಪಾಲು. ಮಂಡಿ ವಾರ್ಡಿನ ಇಪ್ಪತ್ತನಾಲ್ಕು ಹಾಸಿಗೆಗೆ ರಾತ್ರಿ ನಾಲ್ವರು ನರ್ಸುಗಳಿದ್ದರು, ಅವರನ್ನು ಇಬ್ಬರಿಗೆ ಇಳಿಸಿದರು. ಬೆಳಗಿನ ತಿಂಡಿಯಲ್ಲಿ ಎರಡು ಇಡ್ಲಿ ಒಂದಾಯಿತು. ಇಷ್ಟಾದ ಮೇಲೂ ಅಂಕ ಏರಿಸುವುದು ಹೇಗೆ? ಅದಕ್ಕೂ ಸಾಹೇಬರೇ ದಾರಿ ಹುಡುಕಿದ್ದರು. ಮನೆಗೆ ಹೊರಟ ರೋಗಿಯ ಕೈಗೆ ಮೊದಲು ಲಡ್ಡು ಡಬ್ಬಿ, ಆಮೇಲೆ ಫಾರಂ. ಫಾರಂನಲ್ಲಿ ಐದು ಮುಖಗಳು. ಮೊದಲನೆಯದು ಅಳುತ್ತಿರುತ್ತದೆ, ಐದನೆಯದು ಹಲ್ಲು ಕಿರಿಯುತ್ತಿರುತ್ತದೆ. ಬಾಯಲ್ಲಿ ಲಡ್ಡು ಇಟ್ಟುಕೊಂಡವರು ಅಳುವ ಮುಖಕ್ಕೆ ಗುರುತು ಹಾಕುವುದು ಕಷ್ಟ. ತಿಂಗಳ ಮೂವತ್ತು ಫಾರಂಗಳ ಸರಾಸರಿ ನಾಲ್ಕೂವರೆಯನ್ನು ಕೂದಲೆಳೆಯಷ್ಟು ದಾಟಿ ನಿಂತಿತ್ತು.

ಮೂವತ್ತೊಂದನೆಯ ಫಾರಂ ವಿಜಯಮ್ಮನವರದು.

ವಿಜಯಮ್ಮನವರು ಆರ್.ಕೆ.ಪುರಂನ ಸರ್ಕಾರಿ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬಲಮಂಡಿ ಬದಲಾಯಿಸಿಕೊಂಡು ಐದು ದಿನವಾಗಿ, ಅಂದು ಮನೆಗೆ ಹೊರಟಿದ್ದರು. ಪಕ್ಕದ ಕುರ್ಚಿಯಲ್ಲಿ ಗಂಡ ಏಕನಾಥ. ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿದ್ದ ಅವರು ತೊಡೆಯ ಮೇಲೊಂದು ಫೈಲು ಇಟ್ಟುಕೊಂಡೇ ಕೂರುವ ಜಾತಿ.

"ಕನ್ನಡದೋರು ಸಿಕ್ಕರೆ ಎಷ್ಟು ಖುಷಿ ಆಗುತ್ತೆ ಆಂಟಿ," ಎಂದು ಅಮೂಲ್ಯ ಜೇನಿನಂಥ ದನಿಯಲ್ಲಿ ಶುರು ಮಾಡಿ ಲಡ್ಡು ಡಬ್ಬಿ ಮುಂದಿಟ್ಟಳು.

ವಿಜಯಮ್ಮ ಡಬ್ಬಿ ನೋಡಿದರು, ಅವಳ ಮುಖ ನೋಡಿದರು. "ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಚಾರ್ಟಲ್ಲಿ ಬರೆದೋರು ಯಾರಮ್ಮ?"

"ನಾವೇ ಆಂಟಿ."

"ಲಡ್ಡು ಕೊಡ್ತಿರೋರು?"

"ನಾವೇ."

"ಒಂದು ಅಂಕ ಕಳೀರಿ," ಎಂದರು ವಿಜಯಮ್ಮ, ಗಂಡನ ಕಡೆ ತಿರುಗಿ. ಏಕನಾಥ ಬರೆದುಕೊಂಡರು. ಅಮೂಲ್ಯ ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

ಫಾರಂ ಕೈಗೆ ಬಂದ ಮೇಲೆ ಇನ್ನೂ ಕೆಟ್ಟಿತು. "ಇದೇನಿದು, ನರ್ಸರಿ ಮಕ್ಕಳ ಪೇಪರ್ರಾ?" ಎಂದು ವಿಜಯಮ್ಮ ಐದೂ ಮುಖಗಳ ಮೇಲೆ ಉದ್ದಕ್ಕೆ ಗೆರೆ ಎಳೆದು, ಹಾಳೆ ತಿರುಗಿಸಿ, ಕೆಂಪು ಪೆನ್ನಿನಲ್ಲಿ 'ಹತ್ತಕ್ಕೆ' ಎಂದು ಬರೆದು ಮುಂದೆ ಜಾಗ ಬಿಟ್ಟರು. ಅಮೂಲ್ಯ ಕಣ್ಣಲ್ಲೇ ಅಂಗಲಾಚಿದಳು. ಮೂವತ್ತೊಂದು ವರ್ಷ ಇಂಥ ಕಣ್ಣುಗಳನ್ನು ನೋಡಿದವರ ಮುಂದೆ ಅದು ನಡೆಯಲಿಲ್ಲ.

"ಆಪರೇಷನ್ ಚೆನ್ನಾಗಾಗಿದೆ, ಮೂರು. ಜಿನ್ಸಿ ಸಿಸ್ಟರ್ ಇದ್ದಾಳಲ್ಲ, ಪಾಪ ಓಡಿ ಓಡಿ ಸಾಯ್ತಾಳೆ, ಅವಳಿಗೆ ಎರಡು. ಲಡ್ಡುದು ಒಂದು ಹೋಯ್ತು, ಒಟ್ಟು ನಾಲ್ಕು. ಇನ್ನು ಕೇಳು. ಮಂಗಳವಾರ ರಾತ್ರಿ ಬೆಲ್ ಒತ್ತಿದೆ. ರೀ, ಎಷ್ಟು ಹೊತ್ತಿಗೆ ಬಂದಳು?"

ಏಕನಾಥ ಫೈಲು ತೆರೆದರು. "ಹತ್ತೊಂಬತ್ತು ನಿಮಿಷ. ಬುಧವಾರ ಇಪ್ಪತ್ತಮೂರು. ಗುರುವಾರ ಯಾರೂ ಬರಲಿಲ್ಲ, ನಾನೇ ಬೆಡ್‌ಪ್ಯಾನ್ ಇಟ್ಟೆ."

"ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಒಂದು ಲೋಟಾನೂ ತೊಳೀದೋರು," ಎಂದರು ವಿಜಯಮ್ಮ. "ಅದಕ್ಕೆ ಬೇಕಾದರೆ ಅರ್ಧ ಅಂಕ ಜಾಸ್ತಿ ಕೊಡಬಹುದಿತ್ತು. ಕೊಡಲ್ಲ."

ಅಮೂಲ್ಯಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಹತ್ತಕ್ಕೆ ನಾಲ್ಕೆಂದರೆ ಐದಕ್ಕೆ ಎರಡು. ಸರಾಸರಿ ನಾಲ್ಕೂವರೆಗಿಂತ ಕೆಳಗೆ ಬೀಳುತ್ತದೆ. ಮಾನ ಮರ್ಯಾದೆ ಬದಿಗಿಟ್ಟು ಇದ್ದದ್ದನ್ನು ಹೇಳಿಬಿಟ್ಟಳು: ರಾತ್ರಿಯ ನರ್ಸುಗಳನ್ನು ಇಬ್ಬರಿಗೆ ಇಳಿಸಿದ್ದಾರೆ, ಈ ಒಂದು ಫಾರಂನಿಂದ ತನ್ನ ಕೆಲಸ ಹೋಗುತ್ತದೆ, ಜಿನ್ಸಿ ಸಿಸ್ಟರ್ ಇನ್‌ಕ್ರಿಮೆಂಟೂ ಹೋಗುತ್ತದೆ.

"ಅಚ್ಛಾ! ನರ್ಸುಗಳನ್ನ ಕಮ್ಮಿ ಮಾಡಿದೋರಿಗೆ ಏನು ಹೋಗುತ್ತೆ?"

"ಅವರಿಗೆ ಫಾರಂನಲ್ಲಿ ಕಾಲಂ ಇಲ್ಲ ಆಂಟಿ."

ವಿಜಯಮ್ಮ ಕೆಂಪು ಪೆನ್ನು ಕೆಳಗಿಟ್ಟರು. ದನಿ ಇಳಿಯಿತು. "ನೋಡು ಪುಟ್ಟಿ, ಒಂದು ಕೇಳ್ತೀನಿ. ನಿಮ್ಮಮ್ಮನಿಗೆ ಮಂಡಿ ಆಪರೇಷನ್ ಆಗಬೇಕು ಅಂದ್ಕೋ. ಇಲ್ಲಿಗೆ ಕರ್ಕೊಂಡು ಬರ್ತೀಯಾ? ನಿಜ ಹೇಳು. ಭಯ ಇಲ್ಲದೆ ಹಾಂ ಅಂದ್ರೆ ಐದನೇ ಮುಖಕ್ಕೆ ಗುರುತು ಹಾಕ್ತೀನಿ."

ಹಾಂ ಎಂದರೆ ಮುಗಿಯಿತು, ಐದನೇ ಮುಖ ಸಿಕ್ಕಿತು. ಆರು ತಿಂಗಳಿಂದ ಎಲ್ಲರಿಗೂ ಹಾಂ ಎಂದು ಅಭ್ಯಾಸವಾಗಿದ್ದ ಬಾಯಿ ಅವಳದು. ಆದರೆ ಅಮ್ಮ ರಾತ್ರಿ ಬೆಲ್ ಒತ್ತಿ ಬಾಗಿಲ ಕಡೆ ನೋಡುತ್ತ ಮಲಗಿರುವುದು ಕಣ್ಣ ಮುಂದೆ ಬಂದುಬಿಟ್ಟಿತು.

"ಡಾಕ್ಟರು ಚೆನ್ನಾಗಿದ್ದಾರೆ ಆಂಟಿ. ಕರ್ಕೊಂಡು ಬರ್ತೀನಿ," ಎಂದಳು. ಆಮೇಲೆ, "ರಾತ್ರಿ ಮಾತ್ರ ಬಿಟ್ಟು ಹೋಗಲ್ಲ. ನಾನೇ ಪಕ್ಕದಲ್ಲಿ ಕೂತಿರ್ತೀನಿ," ಎಂದಳು.

ವಿಜಯಮ್ಮ ಹಾಳೆಯ ಮೇಲೆ ನಾಲ್ಕು ಎಂದು ಬರೆದು, ಸುತ್ತ ಒಂದು ಸೊನ್ನೆ ಸುತ್ತಿದರು. ಏಕನಾಥ ಫೈಲಿನಿಂದ ಬಿಳಿ ಹಾಳೆ ತೆಗೆದು "ವಿಷಯ: ರಾತ್ರಿ ಪಾಳಿಯ ನರ್ಸುಗಳ ಕೊರತೆ" ಎಂದು ಇಂಗ್ಲಿಷಿನಲ್ಲಿ ಪತ್ರ ಶುರು ಮಾಡಿದರು. ಬೆಲ್ಲಿನ ಲೆಕ್ಕವನ್ನೆಲ್ಲ ಅದಕ್ಕೆ ಲಗತ್ತಿಸಿದರು. ನಿವೃತ್ತಿಯಾದ ಮೇಲೆ ಇಷ್ಟು ಒಳ್ಳೆಯ ವಿಷಯ ಅವರಿಗೆ ಸಿಕ್ಕಿರಲಿಲ್ಲ.

ಪತ್ರದ ಎರಡು ಪ್ರತಿ ಅಮೂಲ್ಯಳ ಮೇಜಿಗೆ ಬಂದವು. "ಒಂದು ನಿಮಗೆ. ಇನ್ನೊಂದರ ಮೇಲೆ ಮುಟ್ಟಿದೆ ಅಂತ ರಿಸೀವಿಂಗ್ ಕೊಡಮ್ಮ," ಎಂದರು ಏಕನಾಥ. "ಸ್ಟಾಂಪು, ನಂಬರು, ತಾರೀಖು."

ಈ ಊರಿನ ಕಚೇರಿಗಳಲ್ಲಿ ನಂಬರು ಬೀಳದ ಪತ್ರ ರದ್ದಿ, ನಂಬರು ಬಿದ್ದರೆ ಅದಕ್ಕೆ ಜೀವ ಬರುತ್ತದೆ. ಮುಂದಿನ ವಾರ ಆಸ್ಪತ್ರೆಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬರುವವರಿದ್ದರು. ಬಂದವರು ಮೊದಲು ಕೇಳುವುದೇ ದೂರುಗಳ ರಿಜಿಸ್ಟರು. ಉತ್ತರವಿಲ್ಲದ ದೂರು ಕಂಡರೆ ಮಾನ್ಯತೆಗೆ ಸಂಚಕಾರ. ಸ್ಟಾಂಪು ಹಾಕಿದರೆ ತನ್ನ ಕಥೆ ಮುಗಿಯಿತೆಂದು ಅಮೂಲ್ಯಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಾಕಿದಳು, ಸ್ವಲ್ಪ ಸೊಟ್ಟಗೆ ಬಿತ್ತು.

ಮಾರನೆಯ ದಿನ ಸಚ್‌ದೇವಾರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಕೆಲಸ ಖಾಯಂ ಮಾಡುವುದು, ಇನ್ನೊಂದು ಮನೆಗೆ ಕಳಿಸುವುದು. ಸಾಹೇಬರ ಪೆನ್ನು ಎರಡನೆಯದರ ಮೇಲಿತ್ತು.

"ರಿಸೀವಿಂಗ್ ಯಾಕೆ ಕೊಟ್ಟೆ ಬೇಟಾ? ಸ್ಟಾಂಪು ಕಳೆದುಹೋಗಿದೆ ಅನ್ನಬಾರದಿತ್ತಾ?" ಎನ್ನುತ್ತ ಅವಳೆದುರೇ ಏಕನಾಥರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. "ಅಂಕಲ್‌ಜೀ, ನನ್ನನ್ನ ನಿಮ್ಮ ಮಗ ಅಂದ್ಕೊಳ್ಳಿ. ಆ ಪತ್ರ ವಾಪಸ್ ತಗೊಳ್ಳಿ, ಮುಂದಿನ ಫಿಸಿಯೋಥೆರಪಿಗೆ ಡಿಸ್ಕೌಂಟ್ ಕೊಡ್ತೀನಿ."

"ನಂಬರು ಬಿದ್ದ ಪತ್ರ ವಾಪಸ್ ಬರಲ್ಲ," ಎಂದರು ಏಕನಾಥ, ಸರ್ವೀಸಿನಲ್ಲಿದ್ದಾಗಿನ ಅದೇ ದನಿಯಲ್ಲಿ. "ಅದಕ್ಕೆ ಉತ್ತರ ಬರಬೇಕು, ಅಷ್ಟೆ."

ಅಷ್ಟರಲ್ಲಿ ಫೋನಿನ ಆ ಕಡೆಯಿಂದ, ಸಾಹೇಬರಿಗೂ ತಿಳಿಯಲೆಂದು, ವಿಜಯಮ್ಮನವರ ಹಿಂದಿ ಕೇಳಿಸಿತು. "ರೀ, ಎಡಮಂಡಿಗೆ ಯಾವ ತಾರೀಖು ಸಿಗುತ್ತೆ ಅಂತಾನೂ ಅವರನ್ನೇ ಕೇಳಿ."

ಸಚ್‌ದೇವಾ ಕುರ್ಚಿಯಲ್ಲಿ ನೆಟ್ಟಗಾದರು. "ಮೇಡಂಜೀ, ಹತ್ತಕ್ಕೆ ನಾಲ್ಕು ಕೊಟ್ಟು ಮತ್ತೆ ನಮ್ಮಲ್ಲಿಗೇ ಬರ್ತೀರಾ?"

"ನಾಲ್ಕು ಬಂದ ಹುಡುಗನ್ನ ಶಾಲೆಯಿಂದ ಓಡಿಸ್ತೀವಾ? ಕೂರಿಸಿ ಮತ್ತೆ ಬರೆಸ್ತೀವಿ. ಆದರೆ ಆ ಹುಡುಗಿ ಇರಬೇಕು. ಕೇಳಿದ್ದಕ್ಕೆ ನಿಜ ಹೇಳೋರು ಒಬ್ಬರಾದರೂ ಇದ್ದರೆ ಧೈರ್ಯವಾಗಿ ಕಾಲು ಕೊಡಬಹುದು."

ಫೋನಿಟ್ಟ ಮೇಲೆ ಸಾಹೇಬರು ಅಮೂಲ್ಯಳ ಕಡೆ ತಿರುಗಿದರು. "ಈ ಆರು ತಿಂಗಳಲ್ಲಿ ಐದನೇ ಮುಖಕ್ಕೆ ಗುರುತು ಹಾಕಿದೋರ ಪೈಕಿ ಇನ್ನೊಂದು ಮಂಡಿಗೆ ಎಷ್ಟು ಜನ ವಾಪಸ್ ಬಂದಿದ್ದಾರೆ?"

"ಒಬ್ಬರು ಸರ್. ಅವರ ಅಳಿಯ ನಮ್ಮ ಲ್ಯಾಬಲ್ಲೇ ಇದ್ದಾರೆ."

ಸಚ್‌ದೇವಾ ಹಣೆ ಉಜ್ಜಿಕೊಂಡರು. "ರಾತ್ರಿ ಪಾಳಿಗೆ ಇನ್ನೂ ಎಷ್ಟು ನರ್ಸ್ ಬೇಕು?"

"ಇಬ್ಬರು ಸರ್."

"ಒಬ್ಬರು ಅನ್ನು ಬೇಟಾ."

ಅಮೂಲ್ಯ ಸಾಹೇಬರ ಮೇಜು ನೋಡಿದಳು. ಪೆನ್ನು ಇನ್ನೂ ಎರಡನೆಯ ಕಾಗದದ ಮೇಲೇ ಇತ್ತು. "ಇಬ್ಬರು ಸರ್," ಎಂದಳು.

ಸಾಹೇಬರು ನಿಟ್ಟುಸಿರು ಬಿಟ್ಟು ಮೊದಲನೆಯ ಕಾಗದವನ್ನು ಹತ್ತಿರಕ್ಕೆಳೆದುಕೊಂಡರು.