ಮಾಗದ ನಾರು

"ಬೇಗ ಹೇಳಿ, ಶನಿವಾರ ಫೈನಲ್ ಇದೆ," ಎನ್ನುತ್ತಾ ಸಿಗ್ನೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಡಾಕ್ಟರ್ ಟೂರಿಲ್ ಕೂತಲ್ಲಿಂದಲೇ ಮುಂದೆ ಬಾಗಿದಳು. ಪರದೆಯ ಮೇಲೆ ಸಿಗ್ನೆಯ ಎಡಮಂಡಿಯ ಎಂಆರ್‌ಐ ಚಿತ್ರವಿತ್ತು. ಹರಿದ ನಾರಿನ ಬದಲಿಗೆ, ಆಪರೇಷನ್ ಮಾಡಿ ತೊಡೆಯಿಂದ ತೆಗೆದು ಮಂಡಿಯೊಳಗೆ ಕೂರಿಸಿದ ನಾರು ಇಷ್ಟು ಹೊತ್ತಿಗೆ ಕಪ್ಪಗೆ, ಬಿಗಿಯಾಗಿ ಕಾಣಬೇಕಿತ್ತು. ಅದಿನ್ನೂ ನೆನೆದ ಹಗ್ಗದಂತೆ ಬೆಳ್ಳಗೆ ಉಬ್ಬಿಕೊಂಡಿತ್ತು. ಹರಿಯಲು ಒಂದು ಜೋರು ತಿರುವು ಸಾಕು.

ಸಿಗ್ನೆ ಟೂರಿಲ್‌ಳ ಗುರುತು ಹಿಡಿದಿರಲಿಲ್ಲ. ಬೀಳಿಸಿದವರಿಗೆ ಬಿದ್ದವರ ಮುಖ ಎಲ್ಲಿ ನೆನಪಿರುತ್ತದೆ? ಹಾಮಾರ್‌ನ ಹ್ಯಾಂಡ್‌ಬಾಲ್ ಅಂಗಣದಲ್ಲಿ ವರ್ಷಗಳ ಹಿಂದೆ, ಗೋಲಿಗೆ ನೆಗೆದಿದ್ದ ಟೂರಿಲ್‌ಳನ್ನು ಗಾಳಿಯಲ್ಲೇ ಪಕ್ಕದಿಂದ ತಳ್ಳಿದವಳು ಇವಳೇ. ಶಿಕ್ಷೆಯೆಂದು ಎರಡು ನಿಮಿಷ ಹೊರಗೆ ಕೂತು, ಮತ್ತೆ ಬಂದು ಆಡಿದಳು. ಟೂರಿಲ್ ಮತ್ತೆಂದೂ ಆಡಲಿಲ್ಲ.

"ಆಡೋಕೆ ಶುರು ಮಾಡಿದೀರಾ?"

"ಇಲ್ಲ ಇಲ್ಲ. ಬರೀ ಕಸರತ್ತು."

ಸಿಗ್ನೆಯ ಬೆರಳ ಸಂದಿಗಳಲ್ಲಿ, ಚೆಂಡು ಜಾರದಿರಲೆಂದು ಆಟಗಾರರು ಬಳಿದುಕೊಳ್ಳುವ ಪೈನ್ ಮರದ ಅಂಟು ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು.

"ಶನಿವಾರ ಬೇಡ. ಈ ಸೀಸನ್ನೇ ಬೇಡ. ನಾರು ಇನ್ನೂ ಹಸಿ, ಆಡಿದ್ರೆ ಹರಿಯುತ್ತೆ." ಹೇಳುವಾಗ ಟೂರಿಲ್‌ಗೆ ಖುಷಿಯಾಯಿತು, ಸುಳ್ಳೇಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

"ನೋವಿಲ್ಲ, ಊತ ಇಲ್ಲ. ಒಂಟಿಕಾಲಲ್ಲಿ ಕುಣೀತೀನಿ, ನೋಡ್ತೀರಾ?"

"ನೋವಿಲ್ದೇನೂ ಹರಿಯುತ್ತೆ. ಇಲ್ನೋಡಿ." ಚಿತ್ರ ತೋರಿಸಲು ಎದ್ದ ಟೂರಿಲ್ ಕುಂಟಿದಳು, ಮೇಜು ಹಿಡಿದುಕೊಂಡಳು. ಸಿಗ್ನೆಯ ಕಣ್ಣು ಆ ಕಾಲಿನಿಂದ ನಿಧಾನವಾಗಿ ಮುಖಕ್ಕೆ ಏರಿತು.

"ಓ. ನೀನಾ."

"ನಾನೇ."

"ಅದಕ್ಕೇ ಹೀಗಂತೀಯ. ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಲ್ಲ, ಭೇಷ್."

"ಚಿತ್ರ ಸುಳ್ಳು ಹೇಳಲ್ಲ, ಸಿಗ್ನೆ."

"ಚಿತ್ರ ಏನೂ ಹೇಳಲ್ಲ. ಅದನ್ನ ಓದೋಳು ಹೇಳ್ತಾಳೆ." ಸಿಗ್ನೆ ಜಾಕೆಟ್ಟಿನ ಜಿಪ್ ಎಳೆದಳು. "ಶನಿವಾರ ಬಾ. ಮುಂದಿನ ಸಾಲಲ್ಲೇ ಕೂತು ನೋಡು."

ಪಕ್ಕದ ಕೋಣೆಯಲ್ಲಿ ಹಿರಿಯ ಡಾಕ್ಟರ್ ಓಲಾವ್ ಕಾಫಿ ಕುಡಿಯುತ್ತಿದ್ದ. ಅವನಿಗೆ ತೋರಿಸಿದರೂ ಇದೇ ಮಾತು ಹೇಳುತ್ತಿದ್ದ, ಅವನ ಮಾತನ್ನು ಸಿಗ್ನೆ ನಂಬುತ್ತಿದ್ದಳು. ಒಂದು ಸಲ ಕೂಗಿದರೆ ಸಾಕಿತ್ತು. ಟೂರಿಲ್ ಬಾಯಿ ತೆರೆದಳು. ಆದರೆ ತಾನು ನಿಜವನ್ನೇ ಹೇಳಿದ್ದೇನಲ್ಲ, ಇನ್ನೇನು? ಬಾಯಿ ಮುಚ್ಚಿದಳು. ಹೊರಗೆ ಸಿಗ್ನೆಯ ಹೆಜ್ಜೆಸದ್ದು ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದು ಹೋಯಿತು. ಅದು ಪೂರ್ತಿ ಅಡಗುವವರೆಗೂ ಅವಳು ಕಿವಿಗೊಟ್ಟು ನಿಂತಳು.

ಬಾಗಿಲು ಮುಚ್ಚಲು ಹೋದಾಗ ಹಿಡಿಕೆ ಅಂಗೈಗೆ ಅಂಟಿಕೊಂಡಿತು. ಪೈನ್ ಮರದ ಹಳೆಯ ವಾಸನೆ. ಟೂರಿಲ್ ಕೈ ಒರೆಸಿಕೊಳ್ಳಲಿಲ್ಲ.