ಮಿಲಾನ್ ಹೆಸರು ಹೇಳಬೇಡಿ

ನನ್ನ ತಮ್ಮ ಮಿಲಾನ್ ಹುದಾಕ್ ಟೀವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆಂದು ಆ ಭಾನುವಾರ ಮಧ್ಯಾಹ್ನ ನಮ್ಮ ಅಮೆರಿಕದ ಊರಿನ ಸ್ಲೋವಾಕ್ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ದಿನವೂ ಇಷ್ಟು ಜನ ಸೇರಿರಲಿಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ಟೀವಿ ನೋಡುತ್ತ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಬೇಯಿಸುತ್ತಿದ್ದೆ. ಕಣ್ಣು ಟೀವಿಯ ಮೇಲೇ ಇದ್ದು ಅರ್ಧಕ್ಕರ್ಧ ಒಡೆದುಹೋದವು. ಒಡೆದದ್ದರ ಮೇಲೆ ಬೆಣ್ಣೆ ಸುರಿದು ಬಡಿಸಿದೆ. ಆಟದ ಹುಚ್ಚಿನಲ್ಲಿ ಯಾರೂ ತಟ್ಟೆಯ ಕಡೆ ನೋಡಲಿಲ್ಲ.

ಅಪ್ಪನೂ ಬಂದಿದ್ದ. ಬಂದವನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಟೀವಿಗೆ ಬೆನ್ನು ಹಾಕಿ ಕೂತ. ಮಗ ಅಂಡು ತೋರಿಸೋದನ್ನ ನೋಡೋಕೆ ನಾನು ಬಂದಿಲ್ಲ, ಬಿಯರ್ ಕುಡಿಯೋಕೆ ಬಂದಿದ್ದೀನಿ ಎಂದು ಬಾರಿನ ರೂಡಿಗೆ ಹೇಳಿದನಂತೆ. ನನಗೆ ಮೈಯೆಲ್ಲ ಉರಿಯಿತು.

ಅಪ್ಪನ ಮುನಿಸು ಹಳೆಯದು. ಶಾಲೆಯಲ್ಲಿ ಮಿಲಾನ್ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನೂ ಅವನೇ, ತಂಡ ನಡೆಸುವವನೂ ಅವನೇ. ಶುಕ್ರವಾರ ಸಂಜೆ ಮೈದಾನದ ಮೈಕು ಅವನ ಹೆಸರು ಕೂಗಿದರೆ ನದಿಯ ಆಚೆ ದಡಕ್ಕೂ ಕೇಳಿಸುತ್ತಿತ್ತು. ಅಪ್ಪ ಕಾರ್ಖಾನೆಯ ಕ್ರೇನಿನಿಂದ ಇಳಿದು ಮಸಿ ಮುಖದಲ್ಲೇ ಓಡಿ ಬಂದು, ಕೇಳಿದವರಿಗೆ ಕೇಳದವರಿಗೆಲ್ಲ ಅವನು ನನ್ನ ಮಗ ಅನ್ನುತ್ತಿದ್ದ. ಆಮೇಲೆ ಕಾಲೇಜಿನಲ್ಲಿ ಇವನಿಗಿಂತ ಗಟ್ಟಿ ತೋಳಿನವನೊಬ್ಬ ಬಂದ, ಇವನನ್ನು ಎದುರಾಳಿಯನ್ನು ತಡೆಯುವ ಸಾಲಿಗೆ ತಳ್ಳಿದರು. ದುಡ್ಡಿಗೆ ಆಡುವ ತಂಡಗಳಿಗೆ ಸೇರಿದ ಮೇಲಂತೂ ನೆಲೆಯೇ ಇಲ್ಲ. ಬೆಳಗ್ಗೆ ಯಾರಾದರೂ ಬಾಗಿಲು ಬಡಿದು, ಕೋಚ್ ಕರೀತಿದ್ದಾರೆ, ಆಟದ ಪುಸ್ತಕ ತಗೊಂಡು ಬಾ ಅಂದರೆ ಗಂಟುಮೂಟೆ ಕಟ್ಟು ಎಂದೇ ಅರ್ಥ. ಎಷ್ಟು ಊರುಗಳಲ್ಲಿ ಅವನ ಬಾಗಿಲು ಬಡಿದರೋ ದೇವರಿಗೇ ಗೊತ್ತು. ಕೆನಡಾದಲ್ಲಿ ಆಡಿದ, ಜರ್ಮನಿಯಲ್ಲಿ ಆಡಿದ, ಅಯೋವಾದಲ್ಲಿ ಸೂರಿನಡಿಯ ಪುಟ್ಟ ಅಂಕಣದಲ್ಲಿ ಆಡಿ ಗೋಡೆಗೆ ಗುದ್ದಿ ಹಲ್ಲು ಮುರಿದುಕೊಂಡ. ನಡುನಡುವೆ ಛಾವಣಿ ರಿಪೇರಿ ಮಾಡಿದ, ಸೋಫಾ ಅಂಗಡಿಯ ಮುಂದೆ ಕರಡಿ ವೇಷ ಹಾಕಿ ಕುಣಿದ, ಕೊನೆಗೆ ಊರಿಗೆ ಬಂದು ಶಾಲೆಯ ಬಸ್ಸು ಓಡಿಸತೊಡಗಿದ.

ಕೆನಡಾದಲ್ಲಿ ಒಂದು ವಿದ್ಯೆ ಮಾತ್ರ ಕೈಗೆ ಹತ್ತಿತ್ತು. ಚೆಂಡನ್ನು ಕಂಬಗಳ ನಡುವೆ ಒದೆಯಬೇಕಾದಾಗ ಮುಂದೆ ಒಬ್ಬ ಬಗ್ಗಿ ನಿಂತು, ತನ್ನ ಕಾಲುಗಳ ಸಂದಿನಿಂದ ಚೆಂಡನ್ನು ಬಾಣದ ಹಾಗೆ ಹಿಂದಕ್ಕೆ ಬಿಡಬೇಕು. ಹಿಂದೆ ಮಂಡಿಯೂರಿದವನು ಹಿಡಿದು ನೆಲಕ್ಕೆ ಊರುತ್ತಾನೆ, ಮೂರನೆಯವನು ಒದೆಯುತ್ತಾನೆ. ಹೆಸರೆಲ್ಲ ಒದ್ದವನಿಗೆ. ಬಗ್ಗಿದವನ ಹೆಸರು ಹೇಳುವುದು ಅವನು ಎಡವಿದಾಗ ಮಾತ್ರ. ಇದು ಅಪ್ಪನ ತಲೆಗೆ ಹೋಗಲೇ ಇಲ್ಲ. ಪ್ರತಿ ಆಟ ಮುಗಿದ ಮೇಲೂ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ ಚುಚ್ಚುತ್ತಿದ್ದ: "ನಿನ್ನ ಹೆಸರು ಹೇಳಿದ್ರಾ?" ಮಿಲಾನ್ ಇಲ್ಲ ಅಪ್ಪ ಅನ್ನುತ್ತಿದ್ದ. ಅಪ್ಪ ಫೋನು ಕುಕ್ಕುತ್ತಿದ್ದ.

ಆ ವಾರ ದೊಡ್ಡ ತಂಡವೊಂದರಲ್ಲಿ ಹಾಗೆ ಬಗ್ಗಿ ಚೆಂಡು ಬಿಡುವವನ ಮಣಿಕಟ್ಟು ಮುರಿಯಿತು. ಸೋತವರು ಮನೆಗೆ ಹೋಗುವ ಕೊನೆಯ ಸುತ್ತಿನ ಆಟಗಳ ಹೊತ್ತು. ಕರೆ ಬಂದಾಗ ಮಿಲಾನ್ ಬಸ್ಸಿನಲ್ಲಿದ್ದ. ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ಆಮೇಲೆ ಫೋನು ಮಾಡಿದನಂತೆ, ಪುಣ್ಯಾತ್ಮ. ಹೊರಡುವಾಗ ನನಗೊಬ್ಬಳಿಗೇ ಹೇಳಿದ: "ಅಕ್ಕ, ಇದೇ ಕೊನೇದು. ಒಂದ್ಸಲ ಅಪ್ಪ ನೋಡ್ಲಿ, ಸಾಕು."

ಆಟ ಶುರುವಾಗಿ ಮಿಲಾನ್ ತಂಡಕ್ಕೆ ಮೊದಲ ಆರು ಅಂಕ ಬಂದವು. ಅದರ ಮೇಲಿನ ಒಂದು ಅಂಕಕ್ಕೆ ಒದೆಯಲು ಸಾಲು ನಿಂತಿತು. ಮೈದಾನದಲ್ಲಿ ಹಿಮ ಸುರಿಯುತ್ತಿತ್ತು. ಮಿಲಾನ್ ಕೈಯಿಂದ ಚೆಂಡು ಜಾರಿ, ನೆಲಕ್ಕೆ ಬಡಿದು, ಎಲ್ಲೋ ಹಾರಿತು. ಟೀವಿಯವನು ಸ್ಪಷ್ಟವಾಗಿ "ಹುದಾಕ್" ಎಂದ.

ಹೆಸರು ಕೇಳಿದ್ದೇ ತಡ, ಆದದ್ದೇನೆಂದು ನೋಡದೆ ಕ್ಲಬ್ಬು ಕುಣಿದೆದ್ದಿತು! ರೂಡಿ ಬಾರಿನ ಗಂಟೆ ಬಾರಿಸಿದ, ಯಾರೋ ಯಾರನ್ನೋ ತಬ್ಬಿಕೊಂಡರು. ಗೋಡೆ ನೋಡುತ್ತಿದ್ದ ಅಪ್ಪನ ಕಿವಿ ಕೆಂಪೇರಿತು. "ಹೆಸರು ಹೇಳಿದ್ರಾ?" ಎಂದ. ಇಷ್ಟು ವರ್ಷದಲ್ಲಿ ಆ ಮಾತಿನಲ್ಲಿ ಮೊದಲ ಸಲ ಚುಚ್ಚು ಇರಲಿಲ್ಲ.

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಹೇಳಿದ್ರು ಅಪ್ಪ. ಯಾಕೆ ಹೇಳಿದ್ರು ಅಂತ ತಿರುಗಿ ನೋಡು."

ಅಪ್ಪ ತಿರುಗಿದ. ಜಾರಿದ ಚೆಂಡನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು, ಪ್ರತಿ ಸಲವೂ ನಮ್ಮ ಮನೆಯ ಹೆಸರು. ಮಿಲಾನ್ ಶಿರಸ್ತ್ರಾಣ ತೆಗೆದು ಹಿಮದಲ್ಲಿ ನಿಂತಿದ್ದ. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತುಹೋದರು.

"ಕ್ರೇನ್ ಮೇಲೆ ಅಷ್ಟು ವರ್ಷ ಇದ್ದೆ," ಎಂದ ಅಪ್ಪ. "ಕೆಳಗಿನೋರು ನನ್ನ ಹೆಸರು ಕೂಗಿದ್ದು ಒಂದೇ ಸಲ ಕಣೆ. ಸರಪಳಿ ಕಿತ್ತುಬಂದಾಗ."

ಆಮೇಲೆ ಕುರ್ಚಿಯನ್ನು ಟೀವಿಯ ಕಡೆಗೆ ಎಳೆದುಕೊಂಡ. ಮಿಲಾನ್ ಬಗ್ಗಿದಾಗಲೆಲ್ಲ ಅವನ ಕೈಬೆರಳುಗಳು ಮಂಡಿಯ ಮೇಲೆ ಬಿಗಿಯುತ್ತಿದ್ದವು. ತಲೆಕೆಳಗಾಗಿ ನೋಡ್ತಾನಾ, ಬಿಟ್ಟ ತಕ್ಷಣ ಆ ದಾಂಡಿಗರು ಮೇಲೆ ಬೀಳ್ತಾರಾ ಎಂದು ನನ್ನನ್ನು ಕೇಳಿದ. ಹೂಂ ಅಪ್ಪ, ಪ್ರತಿ ಸಲ ಎಂದೆ. ಮತ್ತೆ ಎರಡು ಸಲ ಚೆಂಡು ಸರಿಯಾಗಿ ಹೋಯಿತು, ಆದರೆ ಮೊದಲು ಕೈತಪ್ಪಿದ ಆ ಒಂದು ಅಂಕ ತುಂಬಲಿಲ್ಲ.

ಕೊನೆಯ ಕ್ಷಣಗಳು ಬಂದವು. ನಮ್ಮವರು ಅದೇ ಒಂದು ಅಂಕ ಹಿಂದೆ. ಒಂದೇ ಒದೆತ ಉಳಿದಿದೆ. ಕಂಬಗಳ ನಡುವೆ ಹೋದರೆ ಮೂರು ಅಂಕ, ಗೆಲುವು. ತಪ್ಪಿದರೆ ಆ ತಂಡ ಸೋತದ್ದು ಮಿಲಾನ್‌ನಿಂದ ಎಂದು ಅವನು ಸತ್ತ ಮೇಲೂ ಆಡಿಕೊಳ್ಳುತ್ತಾರೆ. ಮಿಲಾನ್ ಬಗ್ಗಿದ. ಎದುರಿನ ಕೋಚ್ ಅವನ ಧೈರ್ಯ ಕೆಡಿಸಲು ಬೇಕಂತಲೇ ಆಟ ನಿಲ್ಲಿಸಿದ. ಮತ್ತೆ ಬಗ್ಗಿದ, ಮತ್ತೆ ನಿಲ್ಲಿಸಿದ. ಆ ಕೋಚ್‌ನ ಬಾಯಿಗೆ ಮಣ್ಣು ಹಾಕ. ಹುದಾಕ್, ಹುದಾಕ್ ಎಂದು ಯಾರೋ ಹುಡುಗರು ಕೂಗತೊಡಗಿದರು.

ಅಪ್ಪ ಎದ್ದು ನಿಂತು ಮೇಜು ಕುಟ್ಟಿದ. "ಬಾಯ್ಮುಚ್ಚಿ, ಕತ್ತೆಗಳಾ. ಅವನ ಹೆಸರು ಹೇಳಬೇಡಿ." ಆಮೇಲೆ ಟೀವಿಯವನ ಕಡೆ ತಿರುಗಿ, ಪ್ರಾರ್ಥನೆ ಮಾಡುವ ದನಿಯಲ್ಲಿ, "ಹೇಳಬೇಡಪ್ಪ, ದಮ್ಮಯ್ಯ, ಹೇಳಬೇಡ."

ಚೆಂಡು ಹಿಂದಕ್ಕೆ ಹೋಯಿತು. ಹೋದದ್ದೇ ಕಾಣಲಿಲ್ಲ, ಅಷ್ಟು ನೆಟ್ಟಗೆ ಹೋಯಿತು. ಮಿಲಾನ್ ಮೇಲೆ ಇಬ್ಬರು ಬಿದ್ದರು. ಒದ್ದ ಚೆಂಡು ಹಿಮ ಸೀಳಿ ಕಂಬಗಳ ನಟ್ಟನಡುವೆ ಹಾರಿತು. ಟೀವಿಯವನು ಹುಚ್ಚೆದ್ದು ಒದ್ದವನ ಹೆಸರು ಕೂಗಿದ, ಕೋಚ್‌ನ ಹೆಸರು ಕೂಗಿದ, ಊರಿನ ಹೆಸರು ಕೂಗಿದ. ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ನಮ್ಮ ಹೆಸರು ಬರಲಿಲ್ಲ. ಆಗ ಕ್ಲಬ್ಬಿನ ಸೂರು ಕಿತ್ತುಹೋಗುವ ಹಾಗೆ ಕಿರುಚಿದೆವು, ನಾನು ಸೌಟನ್ನು ಎಲ್ಲಿ ಎಸೆದೆನೋ ಇವತ್ತಿಗೂ ಸಿಕ್ಕಿಲ್ಲ.

ಸ್ವಲ್ಪ ಹೊತ್ತಿಗೆ ಮಿಲಾನ್ ನನ್ನ ಫೋನಿಗೆ ಕರೆ ಮಾಡಿದ. ಅಪ್ಪ ನನ್ನ ಕೈಯಿಂದ ಕಿತ್ತುಕೊಂಡ. ಇವತ್ತು ಆ ಪ್ರಶ್ನೆ ನೀನು ಕೇಳು ಎಂದ. ಆ ಕಡೆ ಮಿಲಾನ್ ಕೇಳಿರಬೇಕು, ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಇಲ್ಲ ಕಣೋ ಮಗನೇ," ಎಂದ. "ಎಲ್ಲರದೂ ಹೇಳಿದ್ರು. ನಿನ್ನದು ಹೇಳ್ಲೇ ಇಲ್ಲ."

ಆಮೇಲೆ ಫೋನನ್ನು ನನಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.